ಟೆಲಿಫೋನ್ ಅಕ್ಕನ ಬ್ಲಾಗ್ ಪಾಠ

ನಮ್ಮ ನೂಲಿನ ಮಿಲ್ಲಿನವರ ಬ್ಲಾಗಿಗೆ ಹೊಸದಾಗಿ ಸೇರುವವರು ಯಾರೇ ಆಗಲಿ, ಮೊದಲು ಟೆಲಿಫೋನ್ ಅಕ್ಕನಿಂದ ಬೈಸಿಕೊಳ್ಳಬೇಕಿತ್ತು. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ ನಾನೂ ಬೈಸಿಕೊಂಡವನೇ. ಈಗ ಬ್ಲಾಗೂ ಮೂಲೆಗುಂಪಾಗಿದೆ, ಬೈಯಲು ಅವರೂ ಇಲ್ಲ. ಆದರೂ ಬೆಳಗ್ಗೆ ಹತ್ತು ಗಂಟೆಯಾದರೆ ನನ್ನ ಕಾಲು ತಾನಾಗಿಯೇ ವಾಚನಾಲಯದ ಕಡೆ ತಿರುಗುತ್ತದೆ. ವಯಸ್ಸಾದ ಕಾಲು, ಹೇಳಿದ ಮಾತು ಕೇಳುವುದಿಲ್ಲ.

ಅಕ್ಕ ಇಪ್ಪತ್ತಾರು ವರ್ಷ ಮಿಲ್ಲಿನ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಮಿಲ್ಲು ಮುಚ್ಚಿ ಜನ ದಿಕ್ಕಾಪಾಲಾದಾಗ, ಒಬ್ಬರಿಗೊಬ್ಬರು ಸಿಗಲೆಂದು ಯಾರದೋ ಮಗಳು ಈ ಬ್ಲಾಗ್ ಮಾಡಿಕೊಟ್ಟಳು. ಯಾರು ಬೇಕಾದರೂ ತಮ್ಮ ಹೆಸರಿನಲ್ಲಿ ಬರೆಯಬಹುದು, ಉಳಿದವರು ಕೆಳಗೆ ಉತ್ತರ ಬರೆಯಬಹುದು. ಮಾಡಿಕೊಟ್ಟವಳು ಮದುವೆಯಾಗಿ ಹೋದಳು. ಬ್ಲಾಗ್ ನೋಡಿಕೊಳ್ಳುವ, ಕಲಿಸುವ ಕೆಲಸ ಅಕ್ಕನ ತಲೆಗೆ ಬಂತು.

ವಾಚನಾಲಯದ ಹಿಂದಿನ ಕೋಣೆಯಲ್ಲಿ ಒಂದು ಕಿಟಕಿ, ಒಂದು ಕಂಪ್ಯೂಟರ್, ಎರಡು ಕುರ್ಚಿ. ಅಕ್ಕ ಪಕ್ಕದಲ್ಲಿ ಕೈಕಟ್ಟಿಕೊಂಡು ಕೂರುತ್ತಿದ್ದರು. ಕಲಿಯುವವರ ಮೌಸನ್ನು ಅವರು ಮುಟ್ಟಿದ್ದನ್ನು ಯಾರೂ ಕಂಡಿಲ್ಲ. "ನಾನು ಒತ್ತಿದ್ರೆ ನಾನು ಕಲಿತ ಹಾಗಾಗುತ್ತೆ. ನಂಗೆ ಆಗ್ಲೇ ಬರುತ್ತಲ್ಲ" ಎನ್ನುತ್ತಿದ್ದರು. ಬಾಯ್ಲರಿನವನು ಒಂದಕ್ಷರ ಹುಡುಕುತ್ತಾ ಇಪ್ಪತ್ತು ನಿಮಿಷ ಬೆವರಿದಾಗಲೂ ಅಕ್ಕ ಕಿಟಕಿಯಾಚೆ ನೋಡುತ್ತಾ ಕೂತರೇ ಹೊರತು ಬೆರಳು ತೋರಿಸಲಿಲ್ಲ.

ಅವರ ಬೈಗುಳವೆಲ್ಲ ಒಂದೇ ವಿಷಯಕ್ಕೆ. ಬರೆದು ಮುಗಿಸಿದವರು ತಮ್ಮ ಖಾತೆಯಿಂದ ಹೊರಗೆ ಬಂದು ಏಳಬೇಕು. ನಮಗೆ ಅದು ಮೈಗೆ ಹತ್ತಲೇ ಇಲ್ಲ. ಮಿಲ್ಲಿನಲ್ಲಿ ಪಾಳಿ ಮುಗಿದಾಗ ಯಂತ್ರ ನಿಲ್ಲಿಸುವವನು ದಡ್ಡ. ಓಡುತ್ತಿರುವ ಯಂತ್ರವನ್ನು ಹಾಗೆಯೇ ಮುಂದಿನ ಪಾಳಿಯವನ ಕೈಗೆ ಒಪ್ಪಿಸಿ ಬರುವುದೇ ನಾವು ಕಲಿತ ಮರ್ಯಾದೆ. ಹಾಗಾಗಿ ಒಬ್ಬ ಎದ್ದರೆ ಇನ್ನೊಬ್ಬ ಅವನ ಹೆಸರಿನಲ್ಲೇ ಕೂತು ಕುಟ್ಟುತ್ತಿದ್ದ. ಗೇಟಿನ ಕಾವಲುಗಾರನ ಹೆಸರಿನಲ್ಲಿ ಒಮ್ಮೆ ಮೊಮ್ಮಗಳು ಹುಟ್ಟಿದ ಸಿಹಿಸುದ್ದಿ ಬಂತು. ಪಾಪ, ಅವನಿಗೆ ಮದುವೆಯೇ ಆಗಿರಲಿಲ್ಲ.

"ಅಯ್ಯೋ ಪುಣ್ಯಾತ್ಮ, ಬಾಗಿಲು ಹಾಕ್ಕೊಂಡು ಹೋಗೋ!" ಎಂದು ಅಕ್ಕ ಕೂಗುವಷ್ಟರಲ್ಲಿ ಆಸಾಮಿ ಬೀದಿ ತಲುಪಿರುತ್ತಿದ್ದ.

ನಾನು ಅಲ್ಲಿಗೆ ಹೋದದ್ದು ಹರಟೆಗಲ್ಲ. ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ದೊಡ್ಡ ಮುಷ್ಕರದ ಅರವತ್ತನೆಯ ದಿನ ಅವನು ಎಲ್ಲರ ಜೊತೆ ಮುಂದಿನ ಗೇಟಿನಲ್ಲಿ ನಿಂತಿದ್ದಾಗ, ನಾನು ಮುಚ್ಚಿದ ಲಾರಿಯಲ್ಲಿ ಹಿಂದಿನ ಗೇಟಿನಿಂದ ಒಳಗೆ ಹೋಗಿ ಯಂತ್ರ ಓಡಿಸಿದೆ. ಹೋದದ್ದು ಒಂಬತ್ತು ಜನ. ಮುಷ್ಕರ ಮುರಿಯಲು ಅಷ್ಟೇ ಸಾಕಾಯಿತು. ಮುಂದಿನ ಗೇಟಿನವರಲ್ಲಿ ನಲವತ್ತು ಮಂದಿಯನ್ನು ಮತ್ತೆ ಕೆಲಸಕ್ಕೆ ಸೇರಿಸಲೇ ಇಲ್ಲ. ಆ ಒಂಬತ್ತು ಜನ ಯಾರೆಂದು ಊರಿಗೆ ಆಗ ತಿಳಿಯಲಿಲ್ಲ. ತಮ್ಮನಿಗೆ ತಿಳಿಯಿತು, ಒಂದೇ ಮನೆಯಲ್ಲಿದ್ದವನಲ್ಲವೇ. ಅವನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟುಹೋದ. ನಾನು ಕಳಿಸಿದ ಕಾಗದಗಳು ಒಡೆಯದೆ ವಾಪಸ್ಸು ಬಂದವು. ಬ್ಲಾಗನ್ನು ಮಾತ್ರ ಅವನು ತಪ್ಪದೆ ಓದುತ್ತಾನೆಂದು ಕೇಳಿದ್ದೆ.

ಕೆಲಸ ಕಳೆದುಕೊಂಡ ಆ ನಲವತ್ತರಲ್ಲಿ ಅಕ್ಕನ ಗಂಡನೂ ಒಬ್ಬರು. ಮೂರೇ ವರ್ಷದಲ್ಲಿ ತೀರಿಕೊಂಡರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಪಕ್ಕದ ಕುರ್ಚಿಯಲ್ಲಿ ಕೂತು ಅಕ್ಷರ ಕಲಿತೆ. ನಾಚಿಕೆಗೆಟ್ಟವನು ಎಂದರೆ ನನ್ನಂಥವನೇ.

ಮೂರು ವಾರ ಕಾಗದದ ಮೇಲೆ ಬರೆದು ಹರಿದು, ಕಡೆಗೂ ಒಂದು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿದೆ. ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಮಿಲ್ಲಿನಲ್ಲಿ ತೂಕ ಬರೆದಿಡುತ್ತಿದ್ದ ಗುಮಾಸ್ತ ಆಗಷ್ಟೇ ಬರೆದು ಎದ್ದಿದ್ದ. ನಾನು ಕೂತು ಕುಟ್ಟಿದೆ: "ಹಿಂದಿನ ಗೇಟಿನಿಂದ ಹೋದವರಲ್ಲಿ ನಾನೂ ಒಬ್ಬ. ಮುಂದೆ ನಿಂತಿದ್ದ ನಿಮಗೆಲ್ಲ ದ್ರೋಹ ಮಾಡಿದೆ. ತಪ್ಪಾಯಿತು." ಪ್ರಕಟಿಸು ಎಂಬುದನ್ನು ಒತ್ತಿ, ತಿರುಗಿ ನೋಡದೆ ಮನೆಗೆ ಬಂದೆ.

ಮಾರನೆಯ ದಿನ ಹೋದರೆ ಗುಮಾಸ್ತ ಅಕ್ಕನ ಮುಂದೆ ಕೈಮುಗಿದು ನಿಂತಿದ್ದ. "ನಾನು ಬರ್ದಿಲ್ಲ ಅಕ್ಕಾ, ನನ್ನ ಮಕ್ಕಳಾಣೆ! ಅರವತ್ತು ದಿನಾನೂ ಬಾವುಟ ಹಿಡ್ಕೊಂಡು ನಿಂತಿದ್ದವನು ನಾನು!" ಬರಹ ಅವನ ಹೆಸರಿನಲ್ಲಿ ಹೋಗಿತ್ತು. ಕೆಳಗೆ ಜನ ಅವನಿಗೆ ಬಾಯಿಗೆ ಬಂದಂತೆ ಬೈದಿದ್ದರು. ಎಲ್ಲಕ್ಕಿಂತ ಕೊನೆಯಲ್ಲಿ ನನ್ನ ತಮ್ಮನ ಸಾಲು: "ನೀವಾದರೂ ಒಪ್ಪಿಕೊಂಡಿರಿ. ನನಗೆ ಬೇಕಾದವರೊಬ್ಬರು ಇಷ್ಟು ಬರೆದಿದ್ದರೆ ಅವತ್ತೇ ಬಸ್ಸು ಹತ್ತುತ್ತಿದ್ದೆ."

ಸುಮ್ಮನಿದ್ದರೆ ಊರಿನ ಮುಂದೆ ನನ್ನ ಮಾನ ಉಳಿಯುತ್ತದೆ, ತಮ್ಮ ಕೈತಪ್ಪುತ್ತಾನೆ. ಗುಮಾಸ್ತ ಕಣ್ಣೊರೆಸಿಕೊಳ್ಳುತ್ತಾ ಹೋದ ಮೇಲೆ ಅಕ್ಕ ಕೇಳಿದರು:

"ನಿನ್ನೆ ಇವನಾದ್ಮೇಲೆ ಕೂತಿದ್ದು ಯಾರು?"

"ನಾನೇ ಅಕ್ಕಾ."

ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೊರಗೆ ಯಾರೋ ಪತ್ರಿಕೆ ಮಡಿಸುವ ಸದ್ದು ಕೇಳುತ್ತಿತ್ತು.

"ನಮ್ಮನೆಯವ್ರು ಹಾಸಿಗೆ ಹಿಡಿದಾಗ್ಲೂ ಆ ಒಂಬತ್ತು ಜನ ಯಾರಿರ್ಬಹುದು ಅಂತ ಹೆಸರು ಬರೀತಿದ್ರು, ಹೊಡೆದು ಹಾಕ್ತಿದ್ರು" ಎಂದರು. "ನಿಮ್ಮ ಹೆಸರು ಒಂದ್ಸಲಾನೂ ಬರೀಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಅತ್ತುಬಿಟ್ಟೆ. ಆಮೇಲೆ, "ನೀವೇ ಹೆಸರು ಬದಲಾಯಿಸಿಬಿಡಿ ಅಕ್ಕ, ನಿಮ್ಮ ಕೈಲಿ ಆಗುತ್ತಲ್ಲ" ಎಂದೆ.

"ಆಗುತ್ತೆ. ಆದ್ರೆ ಆಗ ನಾನು ನಿಮ್ಮನ್ನ ಹಿಡ್ಕೊಟ್ಟ ಹಾಗೆ. ಕೆಳಗಡೆ ಉತ್ತರ ಬರೆಯೋ ಜಾಗ ಇದೆ ನೋಡಿ. ಮೊದ್ಲು ಅವನ ಖಾತೆಯಿಂದ ಹೊರಗೆ ಬನ್ನಿ. ಮೇಲೆ, ಬಲಗಡೆ."

ಹೊರಗೆ ಬಂದೆ. ನನ್ನ ಹೆಸರಿನಲ್ಲಿ ಒಳಗೆ ಹೋದೆ. "ಇದನ್ನು ಬರೆದದ್ದು ಗುಮಾಸ್ತರಲ್ಲ. ನಾನು, ಫಿಟ್ಟರ್. ತಮ್ಮಾ, ತಪ್ಪಾಯಿತು" ಎಂದು ಬರೆಯಲು ಅರ್ಧ ಗಂಟೆ ಹಿಡಿಯಿತು. ಅಕ್ಕ ಅಷ್ಟು ಹೊತ್ತೂ ಪಕ್ಕದಲ್ಲೇ ಇದ್ದರು.

ಊರಿನಲ್ಲಿ ಅರ್ಧ ಜನ ನನ್ನನ್ನು ಕಂಡರೆ ಮುಖ ತಿರುಗಿಸಿದರು. ತಿರುಗಿಸಬೇಕಾದ್ದೇ. ಐದನೆಯ ದಿನ ತಮ್ಮ ಬಾಗಿಲಲ್ಲಿ ನಿಂತಿದ್ದ. ತಲೆ ಪೂರ್ತಿ ನೆರೆತಿತ್ತು. "ಅಣ್ಣ, ಈ ಚೀಲ ಹಿಡ್ಕೋ, ಕೈ ಜೋಮು ಹಿಡಿದಿದೆ" ಎಂದ, ನಿನ್ನೆ ಹೋಗಿ ಇವತ್ತು ಬಂದವನ ಹಾಗೆ.

ಅವನು ನಾಲ್ಕು ದಿನ ಇದ್ದು ಹೋದ ಮೇಲೆ ನಾನು ಮತ್ತೆ ಆ ಕೋಣೆಗೆ ಹೋದೆ. ಬರೆಯುವುದು ಇನ್ನೊಂದಿತ್ತು. ಅದು ಅಕ್ಕನ ಗಂಡನಿಗೆ ಬರೆದ ಕಾಗದ. ಅವರ ಪಟ್ಟಿಯಲ್ಲಿ ಇರಬೇಕಾಗಿದ್ದ ಹೆಸರು ನನ್ನದೆಂದು ಬರೆದೆ. ಮುಗಿಸಿದಾಗ ಅಕ್ಕ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ಮತ್ತೆ ಮೊದಲಿಗೆ ಬಂದರು.

"ಹೆಸರಿನ ಮುಂದೆ ದಿವಂಗತ ಅಂತ ಹಾಕಿದ್ದೀರಲ್ಲ, ಅದನ್ನ ತೆಗೀರಿ" ಎಂದರು. "ಇದನ್ನ ಓದೋವಾಗ ಅವ್ರು ಇರ್ಲಿ."

ಆ ಪದವನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ.