ಇಲ್ಲದ ಕುದುರೆಗೆ ಯಾವ ಊರಿನ ರಾಹುಕಾಲ

ಆಕ್ಲೆಂಡಿನ ಸ್ಯಾಂಡ್ರಿಂಗಮ್ ರೋಡಿನ ಸಂಜೆಯ ಬಸ್ಸಿನಲ್ಲಿ ಭೀಮಸೇನರಾಯರ ಇಯರ್‌ಫೋನಿನ ಪಿನ್ನು ಫೋನಿನಿಂದ ಕಳಚಿಕೊಂಡಿತು. ಈ ಸಂಗತಿ ರಾಯರೊಬ್ಬರನ್ನು ಬಿಟ್ಟು ಇಡೀ ಬಸ್ಸಿಗೆ ಗೊತ್ತಾಯಿತು. ನ್ಯೂಜಿಲೆಂಡಿನವರನ್ನು ಕಿವಿಗಳು ಎಂದು ಕರೆಯುವುದು ವಾಡಿಕೆ. ಆ ಸಂಜೆ ಬಸ್ಸಿನಲ್ಲಿದ್ದ ಕಿವಿಗಳೆಲ್ಲ ನೆಟ್ಟಗಾದವು. ಫೋನಿನೊಳಗಿಂದ ಒಬ್ಬ ಗಂಡಸು ಏದುಸಿರಿನಲ್ಲಿ, ಕೊನೆಯ ತಿರುವಿನಲ್ಲಿ ವೆಲ್ವೆಟ್ ಥಂಡರ್ ಮುಂದಿದೆ, ಪಕ್ಕದಲ್ಲೇ ಮಿಸೆಸ್ ಮಫಿನ್ ಬರುತ್ತಿದ್ದಾಳೆ ಎಂದು ಅರಚುತ್ತಿದ್ದ. ರಾಯರು ಅರ್ಧ ಎದ್ದು ನಿಂತು, ಮುಂದಿನ ಸೀಟಿನ ಬೆನ್ನಿಗೆ ತಟ್ಟುತ್ತ, "ನಡೀ, ನಡೀ ನಮ್ಮವ್ವಾ" ಎಂದು ಮಿಸೆಸ್ ಮಫಿನ್‌ಳನ್ನು ಅಪ್ಪಟ ಧಾರವಾಡದ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದರು.

ತಟ್ಟಿಸಿಕೊಂಡ ಸೀಟಿನಲ್ಲಿದ್ದ ಬಿಳಿಯ ಅಜ್ಜ ತಿರುಗಿ ನೋಡಿದ. ರೇಸಿನಲ್ಲೇ ಕೂದಲು ನೆರೆಸಿಕೊಂಡವನಂತಿದ್ದ.

"ಯಾವ ರೇಸ್‌ಕೋರ್ಸಪ್ಪಾ ಇದು? ಮಳೆಗೆ ಇವತ್ತು ಎಲ್ಲಾ ರೇಸೂ ರದ್ದಾಗಿವೆಯಲ್ಲ?"

"ಅಲ್ಲಿ ಮಳೆ ಇಲ್ಲ," ಎಂದರು ರಾಯರು.

"ಎಲ್ಲಿ?"

"ಫೋನಿನಲ್ಲಿ."

ಅಜ್ಜ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಇಣುಕಿದ. "ಅಂದರೆ ಇವು ನಿಜವಾದ ಕುದುರೆಗಳಲ್ಲವೇ?"

"ಅಲ್ಲ. ಕಂಪ್ಯೂಟರ್ ಓಡಿಸುತ್ತದೆ."

"ಮತ್ತೆ ದುಡ್ಡು?"

"ಅದು ನಿಜವಾದದ್ದು."

ಅಜ್ಜ ರಾಯರ ಭುಜವನ್ನು ಮೆಲ್ಲಗೆ ತಟ್ಟಿ, ಆಸ್ಪತ್ರೆಯಲ್ಲಿ ಪರಿಚಯದವರನ್ನು ಕಂಡು ಹೊರಟವನ ಮುಖ ಮಾಡಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದುಹೋದ. ಮಿಸೆಸ್ ಮಫಿನ್ ಮೂರನೆಯವಳಾಗಿ ಬಂದಳು. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಿತ್ತು. ಆದರೆ ಹಿಂದಿನ ಸೀಟಿನಲ್ಲಿ, ಕರಿಬೇವಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೈಸೂರಿನ ಕಮಲಾ ಆಂಟಿ ಕೂತಿದ್ದರು. ಆಂಟಿ ರಾಯರ ಹೆಂಡತಿ ವಿಜಯಾಗೆ ವಾಕಿಂಗಿನ ಗೆಳತಿ. ಬಸ್ಸು ಸ್ಟಾಪಿಗೆ ಬರುವುದಕ್ಕೂ ಮೊದಲೇ ಸುದ್ದಿ ಮನೆಗೆ ಬಂದಿತ್ತು. ಕುದುರೆಗಿಂತ ವೇಗವಾಗಿ ಓಡುವ ವಸ್ತು ಯಾವುದು ಎಂಬುದು ಆ ದಿನ ರಾಯರಿಗೆ ತಿಳಿಯಿತು.

ಹೆಸರು ಭೀಮಸೇನ ಎಂದರೂ ರಾಯರದು ಸಣಕಲು ಮೈ. ಆಕ್ಲೆಂಡಿನ ಗಾಳಿ ಜೋರಾದರೆ ಕಂಬ ಹಿಡಿದುಕೊಳ್ಳುವ ಆಸಾಮಿ. ಟ್ರಾಫಿಕ್ ಸಿಗ್ನಲ್ಲುಗಳ ಎಂಜಿನಿಯರು. ಯಾವ ಸರ್ಕಲ್ಲಿನಲ್ಲಿ ಯಾವ ದೀಪ ಎಷ್ಟು ಹೊತ್ತು ಉರಿಯಬೇಕು ಎಂದು ಲೆಕ್ಕ ಹಾಕುವುದು ಅವರ ಉದ್ಯೋಗ. ಊರಿಗೆಲ್ಲ ಕೆಂಪು ತೋರಿಸುವ ಮನುಷ್ಯನಿಗೆ ತನ್ನ ಫೋನಿನಲ್ಲಿ ಮಾತ್ರ ಸದಾ ಹಸಿರೇ ಕಾಣುತ್ತಿತ್ತು. ನಿಜವಾದ ರೇಸಿಗೆ ಅವರು ಜನ್ಮದಲ್ಲಿ ಹೋದವರಲ್ಲ. ಹೋಗುವುದೆಂದರೆ ಅವರ ಲೆಕ್ಕದಲ್ಲಿ ಅದು ಜೂಜು. ಇದಾದರೆ ಮನೆಯ ಕುರ್ಚಿಯಲ್ಲಿ, ಮಡಿಯಲ್ಲಿ ಬೇಕಾದರೂ ಕೂತು ಆಡಬಹುದಾದ ಆಟ. ಲದ್ದಿಯಿಲ್ಲ, ಧೂಳಿಲ್ಲ, ಒಂದು ರೇಸು ಮುಗಿದು ಚಹಾ ಆರುವುದರೊಳಗೆ ಇನ್ನೊಂದು ಶುರು. ಕುದುರೆಗಳು ಎಷ್ಟು ಓಡಿದರೂ ಅದೃಷ್ಟವೊಂದು ಕುದುರಲಿಲ್ಲ, ಅಷ್ಟೆ. ಮನೆಯಲ್ಲಿ ವಿಜಯಾ ಇರುವಾಗ ವಿಜಯವನ್ನು ಹೊರಗೆ ಹುಡುಕುವುದು ಏಕೆ ಎಂದು ಕೇಳುವವರು ಆಗ ಯಾರೂ ಇರಲಿಲ್ಲ.

ರಾಯರ ಇನ್ನೊಂದು ಗುಣವನ್ನು ಹೇಳದಿದ್ದರೆ ಕಥೆ ಮುಂದಕ್ಕೆ ಹೋಗುವುದಿಲ್ಲ. ಅವರು ರಾಹುಕಾಲದಲ್ಲಿ ಯಾವ ಹೊಸ ಕೆಲಸಕ್ಕೂ ಕೈ ಹಾಕುವವರಲ್ಲ. ನ್ಯೂಜಿಲೆಂಡಿನ ವೀಸಾ ಅರ್ಜಿಯನ್ನು ಅಂಚೆಗೆ ಹಾಕುವಾಗ ಪೋಸ್ಟಾಫೀಸಿನ ಮೆಟ್ಟಿಲ ಮೇಲೆ ರಾಹು ದಾಟಿಹೋಗಲಿ ಎಂದು ಕಾದವರು. ಇಲ್ಲಿಗೆ ಬಂದ ಮೇಲೂ ಸೂರ್ಯ ಹುಟ್ಟುವ ಹೊತ್ತು ನೋಡಿ ಆಕ್ಲೆಂಡಿನ ರಾಹುಕಾಲವನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಫ್ರಿಜ್ ಕೊಂಡದ್ದೂ ಆ ಲೆಕ್ಕದಲ್ಲೇ, ಹಲ್ಲು ಕೀಳಿಸಿದ್ದೂ ಆ ಲೆಕ್ಕದಲ್ಲೇ. ಕುದುರೆಗೆ ನಾಲ್ಕು ಕಾಲಾದರೆ ರಾಯರಿಗೆ ಮೂರು ಕಾಲ: ರಾಹುಕಾಲ, ಯಮಗಂಡಕಾಲ, ಗುಳಿಕಕಾಲ. ಈ ಮೂರನ್ನೂ ಬಿಟ್ಟು ಉಳಿದ ಶುಭ ವೇಳೆಯಲ್ಲಿ ಮಾತ್ರ ಅವರು ಬಾಜಿ ಕಟ್ಟುತ್ತಿದ್ದರು. ಶುಭ ವೇಳೆಯಲ್ಲೇ ಸೋಲುತ್ತಿದ್ದರು.

ಬಸ್ಸಿನ ಸುದ್ದಿ ಬಂದ ದಿನ ವಿಜಯಾ ಕೂಗಾಡಲಿಲ್ಲ. ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಏನೇ ಕಂಡರೂ ಮೊದಲು ಶಾಂತವಾಗಿ ನೋಡುವ ಅಭ್ಯಾಸ. ಚಹಾದ ಕಪ್ಪನ್ನು ಗಂಡನ ಮುಂದಿಟ್ಟು ಹೇಳಿದಳು:

"ನೆಲ್ಸನ್‌ದಾಗಿನ ಲ್ಯಾಬ್‌ನವ್ರು ನನಗ ಕೆಲಸಾ ಕೊಟ್ಟಾರ. ಬ್ಯಾಡ ಅನ್ನಾಕಿ ಇದ್ದೆ. ಈಗ ಹೂಂ ಅಂತೀನಿ."

"ನೆಲ್ಸನ್? ಸಮುದ್ರಾ ದಾಟಿ ಆ ಕಡೆ ದ್ವೀಪಕ್ಕ?"

"ಹೂಂ. ಯುಗಾದಿ ಆದಮ್ಯಾಲೆ ಹೋಗ್ತೀನಿ. ನೀವು ಬರ್ತೀರೋ, ನಿಮ್ಮ ಕುದ್ರಿ ಜೋಡಿ ಇಲ್ಲೇ ಇರ್ತೀರೋ, ನೀವ ನೋಡ್ರಿ."

"ರೊಕ್ಕ ಹೋಗಿದ್ದಕ್ಕ ಸಿಟ್ಟೇನು?"

"ರೊಕ್ಕದ ಮಾತಲ್ರೀ. ಊಟಕ್ಕ ಕೂತಾಗ ನಾ ಎದುರಿಗೆ ಇರ್ತೀನಿ, ನೀವು ಇರೂದಿಲ್ಲ. ಹೆಂಗೂ ಒಬ್ಬಾಕಿನ ಉಣ್ಣೂದಾದ್ರ ನೆಲ್ಸನ್‌ದಾಗ ಉಣ್ತೀನಿ, ಗಾಳಿ ಆದ್ರೂ ಚಲೋ ಇರ್ತದ."

ಈ ಮಾತು ರಾಯರಿಗೆ ನಾಟಿತು. ವಿಜಯಾ ಹೋಗುತ್ತೇನೆ ಎಂದರೆ ಹೋಗುವವಳೇ. ಧಾರವಾಡ ಬಿಡಲು ರಾಯರು ಹಿಂದೆಮುಂದೆ ನೋಡಿದಾಗ ಮೊದಲು ಸೂಟ್‌ಕೇಸು ತೆರೆದವಳು ಅವಳು. ಅವಳಿಲ್ಲದ ಮನೆಯನ್ನು ಊಹಿಸಿಕೊಳ್ಳಲು ರಾಯರಿಂದಾಗಲಿಲ್ಲ. ಪಣ ಕಟ್ಟುವವರು ಅಂದು ಪಣ ತೊಟ್ಟರು. ಇನ್ನು ಆಡುವುದಿಲ್ಲ ಎಂದು ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರು. ಅದೇ ವಾರ ಅಕ್ಕಿ ತೊಳೆಯಲು ತಾವಾಗಿಯೇ ಮುಂದೆ ಬಂದರು. ಆಡಿದರು, ಸೋತರು, ಅನ್ನವೂ ತಳ ಹಿಡಿಯಿತು.

ಭಾನುವಾರ ಮಧ್ಯಾಹ್ನ, ತಳ ಹಿಡಿದ ಅನ್ನಕ್ಕೆ ಸಾರು ಹಾಕುತ್ತ ವಿಜಯಾ ಕೇಳಿದಳು: "ಅಲ್ರೀ, ರಾಹುಕಾಲ ಬಿಟ್ಟು ಕಟ್ತೀರಿ, ಆದ್ರೂ ಯಾಕ ಸೋಲ್ತೀರಿ?"

"ಅದ ತಿಳೀವಲ್ದು. ವ್ಯಾಳ್ಯಾ ಭಾಳ ಬರೋಬ್ಬರಿ ಇರ್ತದ."

"ಯಾವ ಊರಿನ ವ್ಯಾಳ್ಯಾ?"

"ಆಕ್ಲೆಂಡಿಂದು. ಇಲ್ಲೇ ಕೂತು ಆಡೂದಲ್ಲಾ?"

"ನೀವ ಇಲ್ಲಿ ಕೂತೀರಿ. ಕುದ್ರಿ ಎಲ್ಲಿ ಓಡ್ತಾವ?"

ರಾಯರ ಕೈಯ ತುತ್ತು ಅಲ್ಲೇ ನಿಂತಿತು. ಅವರು ಫೋನು ತೆಗೆದು, ಆಟ ನಡೆಸುವ ಆನ್‌ಲೈನ್ ಕ್ಯಾಸಿನೊದ ಪುಟದ ತೀರ ತಳಕ್ಕೆ ಹೋಗಿ, ಇರುವೆಯಂಥ ಅಕ್ಷರಗಳನ್ನು ಮೊದಲ ಸಲ ಓದಿದರು. ಕಂಪನಿ ಮಾಲ್ಟಾದ್ದು. ಅದು ಯುರೋಪಿನ ಒಂದು ಪುಟ್ಟ ದ್ವೀಪ. ಕುದುರೆಗಳನ್ನು ಓಡಿಸುವ ಕಂಪ್ಯೂಟರು ಇರುವುದು ಕುರಾಸಾವ್ ಎಂಬ, ಅಮೆರಿಕದ ಕಡೆಯ ಇನ್ನೊಂದು ದ್ವೀಪದಲ್ಲಿ.

"ಅಯ್ಯ ಶಿವನ," ಎಂದರು ರಾಯರು ಸಣ್ಣ ದನಿಯಲ್ಲಿ. "ಇಷ್ಟು ದಿನಾ ಪಾಪ ಆ ಕುದ್ರಿ ರಾಹುಕಾಲದಾಗ ಓಡ್ಯಾವ."

ವಿಜಯಾ ತುಪ್ಪದ ಬಟ್ಟಲನ್ನು ಅವರ ಕಡೆಗೆ ಸರಿಸಿದಳು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಆಟವನ್ನು ಬಿಡುತ್ತಿದ್ದರು, ಇಲ್ಲವೇ ಪಂಚಾಂಗವನ್ನು ಮರೆತು ಆಟವನ್ನು ಹಿಡಿಯುತ್ತಿದ್ದರು. ರಾಯರು ನಂಬಿಕೆಯ ಮನುಷ್ಯ, ಅದರ ಮೇಲೆ ಎಂಜಿನಿಯರು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬಣ್ಣದ ಪೆನ್ಸಿಲ್ಲುಗಳಿಂದ ಲೆಕ್ಕ ಹಾಕಲು ಕೂತರು. ಬಾಜಿ ಕಟ್ಟುವವನು ಇರುವ ಆಕ್ಲೆಂಡ್, ಕಂಪನಿಯ ಮಾಲ್ಟಾ, ಕಂಪ್ಯೂಟರಿನ ಕುರಾಸಾವ್. ಇಷ್ಟು ಸಾಲದೆಂದು ಕಟ್ಟುವವನು ಹುಟ್ಟಿದ ಧಾರವಾಡ. ನಾಲ್ಕು ಊರು, ಒಂದೊಂದಕ್ಕೂ ಮೂರು ಕಾಲ. ಇದರಲ್ಲಿ ಭೂಮಿ ಗುಂಡಗಿರುವುದು ದೊಡ್ಡ ತೊಂದರೆಯಾಯಿತು. ಆಕ್ಲೆಂಡಿನಲ್ಲಿ ಹೊತ್ತು ಮುಳುಗುವಾಗ ಧಾರವಾಡದಲ್ಲಿ ಮಧ್ಯಾಹ್ನ, ಮಾಲ್ಟಾದಲ್ಲಿ ಬೆಳಗು. ಅಲ್ಲಿನ ರಾಹು ಮಲಗುವ ಮೊದಲೇ ಕುರಾಸಾವ್‌ನ ರಾಹು ಎದ್ದು ಹಲ್ಲುಜ್ಜುತ್ತಿರುತ್ತಾನೆ. ಇಲ್ಲಿ ಮಂಗಳವಾರವಾದರೆ ಅಲ್ಲಿ ಇನ್ನೂ ಸೋಮವಾರ, ಆದ್ದರಿಂದ ವಾರದ ಲೆಕ್ಕವೇ ಬೇರೆ. ಗುಳಿಕವನ್ನಾದರೂ ಲೆಕ್ಕದಿಂದ ಬಿಡೋಣವೆಂದರೆ, ಗುಳಿಕಕಾಲದಲ್ಲಿ ಆದದ್ದು ಮತ್ತೆ ಮತ್ತೆ ಆಗುತ್ತದೆ ಎನ್ನುತ್ತಾರೆ; ರಾಯರಿಗೆ ಆಗುತ್ತಿದ್ದುದು ಏನು ಎಂಬುದು ಅವರಿಗೇ ಗೊತ್ತಿತ್ತು.

ಲೆಕ್ಕ ಮುಗಿಸಿ ದೂರ ಹಿಡಿದು ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಇಂಥ ಸರ್ಕಲ್ಲನ್ನು ಕಂಡಿರಲಿಲ್ಲ. ನಾಲ್ಕು ರಸ್ತೆಗೂ ಕೆಂಪು. ಹಸಿರು ಉಳಿದದ್ದು ಅಲ್ಲೊಂದು ಇಲ್ಲೊಂದು ಚೂರು. ಒಂದು ಚೂರು ಅವರು ಗೊರಕೆ ಹೊಡೆಯುವ ಹೊತ್ತಿನಲ್ಲಿತ್ತು, ಇನ್ನೊಂದು ಆಫೀಸಿನಲ್ಲಿ ಮೇಲಧಿಕಾರಿಯ ಎದುರಿಗೆ ಕೂರುವ ಹೊತ್ತಿನಲ್ಲಿ. ಕೈಗೆ ಸಿಗುವಂಥದ್ದು ಒಂದೇ, ಸಂಜೆ ವಿಜಯಾ ಲ್ಯಾಬಿನಿಂದ ಬಂದು ಚಹಾಕ್ಕೆ ಇಡುವ ಹೊತ್ತು.

ಮರುದಿನ ಸಂಜೆ ಆ ಹಸಿರು ಚೂರಿನಲ್ಲಿ ರಾಯರು ಫೋನನ್ನು ಮೇಜಿನ ಕೆಳಗೆ ಹಿಡಿದು ತಯಾರಾಗಿದ್ದರು. ಕುದುರೆಗಳು ಗೇಟಿಗೆ ಬರುತ್ತಿದ್ದವು. ವಿಜಯಾ ಕಪ್ಪಿನಲ್ಲಿ ಚಮಚ ತಿರುಗಿಸುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳುತ್ತಿದ್ದಳು.

"ನೆಲ್ಸನ್‌ದಾಗ ಎರಡು ಮನಿ ತೋರ್ಸ್ಯಾರ. ಒಂದು ಒಬ್ರಿಗೆ ಸಾಕಾಗೂದು, ಲ್ಯಾಬಿಗೆ ಹತ್ರ. ಇನ್ನೊಂದು ಸ್ವಲ್ಪ ದೊಡ್ಡದು, ಗುಡ್ಡದ ಮ್ಯಾಲೆ. ಹಿತ್ತಲದಾಗ ಪ್ಲಮ್ ಗಿಡಾ ಅದ ಅಂತ."

ಗೇಟು ತೆರೆಯಿತು. ರಾಯರ ಬೆರಳು ಪರದೆಯ ಮೇಲಿತ್ತು.

"ಇವತ್ತ ಹೇಳ್ಬೇಕಂತ, ಮನಿ ಏಜೆಂಟ್ ಹೆಣ್ಮಗಳು ಎರಡು ಸಲ ಫೋನ್ ಮಾಡಿದ್ಳು. ನನಗ ಒಬ್ಬಾಕಿನ ಗುಡ್ಡಾ ಹತ್ತಿ ಹೋಗಾಕ ಅಂಜಿಕಿ ಬರ್ತದ್ರೀ. ಈ ದೇಶಕ್ಕ ಬರೂವಾಗ ಸೈತ ನನಗ ಅಂಜಿಕಿ ಇತ್ತು. ನಿಮಗ ಹೇಳಿರ್ಲಿಲ್ಲ."

ರಾಯರು ತಲೆಯೆತ್ತಿದರು. ಸೂಟ್‌ಕೇಸನ್ನು ಮೊದಲು ತೆರೆದವಳಿಗೆ ಅಂಜಿಕೆಯಿತ್ತೆ? ಇಷ್ಟು ವರ್ಷ ಒಂದೇ ಸಿಂಕಿನಲ್ಲಿ ಕೈ ತೊಳೆದೂ ತಮಗೆ ಇದು ಗೊತ್ತಿರಲಿಲ್ಲವೇ? ಅವರು ಅವಳ ಮುಖವನ್ನು ನೋಡಿದರು. ಕಣ್ಣಿನ ಕೆಳಗೆ ಒಂದು ಹೊಸ ಗೆರೆ ಇತ್ತು. ಎಂದಿನಿಂದ ಇದೆಯೋ. ಮೇಜಿನ ಕೆಳಗೆ ಯಾವುದೋ ಕುದುರೆ ಗೆದ್ದಿತು. ಯಾವುದು ಎಂದು ರಾಯರಿಗೆ ಇಂದಿಗೂ ಗೊತ್ತಿಲ್ಲ.

"ಪ್ಲಮ್ ಗಿಡದ ಮನಿ ಹಿಡಿ," ಎಂದರು.

"ಅದು ಇಬ್ಬರಿಗೆ ಆಗೂದು."

"ಅದಕ್ಕ ಹೇಳಿದೆ."

ವಿಜಯಾ ಏಜೆಂಟಿಗೆ ಫೋನ್ ಮಾಡಲು ಎದ್ದಳು. ಅದು ಶುಭ ವೇಳೆಯೋ ಅಲ್ಲವೋ ಎಂದು ರಾಯರು ನೋಡಲಿಲ್ಲ. ಮದುವೆಯಾದ ಮೇಲೆ ಗಡಿಯಾರ ನೋಡದೆ ಅವರು ತೆಗೆದುಕೊಂಡ ಮೊದಲ ತೀರ್ಮಾನ ಅದು.

ನೆಲ್ಸನ್‌ನಲ್ಲಿ ಈಗ ಅವರು ನೆಮ್ಮದಿಯಾಗಿದ್ದಾರೆ. ರಸ್ತೆ ರಿಪೇರಿಯ ಒಂದು ಸಣ್ಣ ಆಫೀಸಿನಲ್ಲಿ ರಾಯರಿಗೆ ಕೆಲಸ ಸಿಕ್ಕಿದೆ. ಸಂಜೆ ಗುಡ್ಡ ಹತ್ತುವಾಗ ಇಬ್ಬರೂ ಏದುಸಿರು ಬಿಡುತ್ತಾರೆ, ಆದರೂ ಮಾತು ನಿಲ್ಲಿಸುವುದಿಲ್ಲ. ಪ್ಲಮ್ ಹಣ್ಣಾದ ವರ್ಷ ವಿಜಯಾ ಅದರಲ್ಲಿ ಮಾವಿನಕಾಯಿಯ ಮಸಾಲೆ ಹಾಕಿ ಉಪ್ಪಿನಕಾಯಿ ಮಾಡಿದಳು. ಪಕ್ಕದ ಮನೆಯ ಕಿವಿ ಹೆಂಗಸು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಬಾಟಲಿ ಕೇಳಿದಳು. ರಾಯರು ದೇವರ ಮುಂದೆ ಕೂತಾಗ ನೆನೆಯುವವರ ಹೆಸರುಗಳು ಈಗ ಹೆಚ್ಚಿವೆ. ಭುಜ ತಟ್ಟಿ ಇಳಿದುಹೋದ ಹೆಸರು ಗೊತ್ತಿಲ್ಲದ ಆ ಅಜ್ಜ ಅದರಲ್ಲಿದ್ದಾನೆ. ಸುದ್ದಿ ಮುಟ್ಟಿಸಿದ ಕಮಲಾ ಆಂಟಿ ಇದ್ದಾರೆ. ತನಗೆ ನಂಬಿಕೆಯಿಲ್ಲದಿದ್ದರೂ ಗಂಡನ ನಂಬಿಕೆಯನ್ನು ಹೀಯಾಳಿಸದೆ, ಅದರೊಳಗೇ ನಿಂತು ಒಂದು ಪ್ರಶ್ನೆ ಕೇಳಿದವಳಿಗೆ ಮಾತ್ರ ಅವರು ದೇವರ ಮುಂದೆ ವಂದನೆ ಹೇಳುವುದಿಲ್ಲ. ಆಕೆ ಅಡುಗೆಮನೆಯಲ್ಲೇ ಸಿಗುತ್ತಾಳೆ. ಅಲ್ಲಿಗೇ ಹೋಗಿ ತೆಂಗಿನಕಾಯಿ ತುರಿದುಕೊಡುತ್ತಾರೆ.

ಬೇಸಗೆಯ ರಜೆಯಲ್ಲಿ ಕಮಲಾ ಆಂಟಿ ಅವರ ಮನೆಗೆ ಬಂದರು. ಕೈಯಲ್ಲಿ ಸ್ಯಾಂಡ್ರಿಂಗಮ್ಮಿನ ಮೈಸೂರ್ ಪಾಕು, ಮುಖದಲ್ಲಿ ಅಪರೂಪದ ಚಿಂತೆ. ಊಟವಾಗಿ ಎಲ್ಲರೂ ಹಿತ್ತಲಿನಲ್ಲಿ ಕೂತಾಗ ಆಂಟಿ ಕುರ್ಚಿಯನ್ನು ರಾಯರ ಹತ್ತಿರಕ್ಕೆ ಎಳೆದುಕೊಂಡರು.

"ನೋಡಿ, ನಮ್ಮ ತಂಗಿ ಮಗನಿಗೂ ಇದೇ ಚಟ ಹತ್ತಿದೆ. ಅವನದು ಕುದುರೆ ಅಲ್ಲ, ನಾಯಿ ರೇಸು. ಅದೂ ಕಂಪ್ಯೂಟರ್ ನಾಯಿ. ಯಾರ ಮಾತೂ ಕೇಳ್ತಾ ಇಲ್ಲ ಕಣ್ರೀ. ನೀವು ಗೆದ್ದು ಬಂದೋರು, ನೀವು ಹೇಳಿದ್ರೆ ಕೇಳ್ತಾನೆ."

"ನಂದೇನೂ ಇಲ್ರೀ," ಎಂದರು ರಾಯರು, ನಿಜವಾದ ಸಂಕೋಚದಿಂದ. "ಎಲ್ಲಾ ಇಕಿಂದ."

"ಅದು ಸರಿ. ಆದ್ರೂ ಮನಸ್ಸು ಅನ್ನೋದು ಇರತ್ತಲ್ಲ. ಈಗಲೂ ಒಂದೊಂದ್ ಸಲ ಆಡೋಣ ಅನ್ಸಲ್ವಾ ನಿಮಗೆ?"

"ಅನಸ್ತದ. ದಿನಾ ಅನಸ್ತದ."

ವಿಜಯಾ ಎಲೆಯಡಿಕೆಯಿಂದ ತಲೆಯೆತ್ತಲಿಲ್ಲ. ಆಂಟಿ ಇನ್ನಷ್ಟು ಮುಂದಕ್ಕೆ ಬಾಗಿದರು.

"ಹಂಗೆ ಅನ್ಸಿದಾಗ ಏನ್ ಮಾಡ್ತೀರಿ? ಜಪ ಮಾಡ್ತೀರಾ, ಧ್ಯಾನ ಮಾಡ್ತೀರಾ? ಮನಸ್ಸನ್ನ ಹ್ಯಾಗೆ ಕಟ್ಟಿ ಹಾಕ್ತೀರಿ, ಅದನ್ನೇ ಹೇಳಿ, ಅವನಿಗೆ ಬರೆದು ಕಳಿಸ್ತೀನಿ."

ರಾಯರು ಮೈಸೂರ್ ಪಾಕಿನ ಚೂರೊಂದನ್ನು ಕೈಗೆತ್ತಿಕೊಂಡರು.

"ಪಾಸ್‌ವರ್ಡ್ ಮರ್ತೀನ್ರಿ," ಎಂದರು. "ಹೊಸಾದು ಬೇಕಂದ್ರ ಕೋಡ್ ವಿಜಯಾನ ಫೋನಿಗೆ ಬರ್ತದ."