ಜಟ್ಟಿ ಮುಕಾದಮನ ರಸ್ತೆ

ಕಾರವಾರದಿಂದ ಅಂಕೋಲೆಗೆ ಸರ್ವಿಸ್ ಮೋಟಾರು ಹೊಡೆಯುತ್ತಿದ್ದ ಡ್ರೈವರ್ ರಾಮಾ ನಾನೇ. ಟಿಕೀಟು ಹರಿದು ಕೊಡುವವನೂ ನಾನೇ. ನನ್ನ ಬಾಯಿ ಕೆಟ್ಟದ್ದು ಅಂತ ಎರಡೂ ತಾಲೂಕಿನ ಜನ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ರಸ್ತೆಯಲ್ಲಿ ಮಲಗಿದ ಎಮ್ಮೆಗೂ ಬೈದಿದ್ದೇನೆ, ಎಮ್ಮೆಯ ಯಜಮಾನನಿಗೂ ಬೈದಿದ್ದೇನೆ. ಆದರೆ ನನ್ನ ಬಾಯನ್ನೇ ಮುಚ್ಚಿಸಿದವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಅವನೇ ಭಾವಿಕೇರಿಯ ಜಟ್ಟಿ ಮುಕಾದಮ.

ಮುಕಾದಮ ಅಂದರೆ ದೊಡ್ಡ ಸಾಹೇಬನೇನಲ್ಲ. ರಸ್ತೆ ರಿಪೇರಿ ಮಾಡುವ ಕೂಲಿಗಳ ಮುಂದಾಳು, ಅಷ್ಟೇ. ಹಟ್ಟಿಕೇರಿ ಹಳ್ಳದಿಂದ ಭಾವಿಕೇರಿ ತಿರುವಿನವರೆಗಿನ ರಸ್ತೆಯ ತುಂಡು ಅವನ ಸುಪರ್ದಿಯಲ್ಲಿತ್ತು. ಕಪ್ಪು ಆಳು, ಮೊಣಕಾಲಿನ ಮೇಲೆ ಪಂಚೆ, ಹೆಗಲ ಮೇಲೆ ಗುದ್ದಲಿ. ಆ ತುಂಡಿನ ಮೇಲೆ ಯಾರಾದರೂ ಎಲೆಯಡಿಕೆ ಉಗುಳಿದರೂ ಅವನಿಗೆ ಆಗುತ್ತಿರಲಿಲ್ಲ. ಚಕ್ಕಡಿಯನ್ನು ಅಡ್ಡಗಟ್ಟಿ ನಿಲ್ಲಿಸಿ, ಉಗುಳಿದವನನ್ನೇ ಇಳಿಸಿ, ಅವನ ಕೈಯಿಂದಲೇ ಮಣ್ಣು ಮುಚ್ಚಿಸುತ್ತಿದ್ದ.

ಮಳೆಗಾಲ ಹಿಡಿದ ಹೊಸತರಲ್ಲಿ ಅವನು ರಸ್ತೆಗೆ ಅಡ್ಡ ಒಂದು ಬಿದಿರಿನ ಗಳ ಕಟ್ಟುತ್ತಿದ್ದ. ಹೊಸದಾಗಿ ಹಾಕಿದ ಜಲ್ಲಿ, ಮಣ್ಣು ಗಟ್ಟಿಯಾಗುವ ತನಕ ಒಂದು ಗಾಲಿಯೂ ಅದರ ಮೇಲೆ ಹಾಯಬಾರದು. ಮೊದಲ ವರ್ಷವೇ ನನಗೂ ಅವನಿಗೂ ಜಟಾಪಟಿ ಆಯಿತು.

"ಗಳ ತೆಗಿಯೋ! ಇಷ್ಟ್ ಜನ ಕಾಯ್ತಾ ಇದ್ದದ್ದು ಕಾಣೂದಿಲ್ವಾ?" ಅಂತ ನಾನು ಕೂಗಿದೆ.

"ಕಾಯ್ಲಿ. ನಿನ್ ಗಾಡಿ ಹಾದ್ರೆ ನಾ ಮತ್ತೆ ಬುಟ್ಟಿ ಬುಟ್ಟಿ ಜಲ್ಲಿ ಹೊರ್ಬೇಕು. ನೀ ಬಂದು ಹೊರ್ತ್ಯಾ?"

"ಇದು ಸರಕಾರದ ರಸ್ತೆ, ನಿನ್ನಪ್ಪಂದಲ್ಲ!"

"ನಮ್ಮಪ್ಪಂದಾಗಿದ್ರೆ ಬಿಡ್ತಿದ್ದೆ. ಸರಕಾರದ್ದು ಅಂತೇ ಬಿಡೂದಿಲ್ಲ."

ಗಾಡಿಯಲ್ಲಿದ್ದವರೆಲ್ಲ ನಕ್ಕರು, ನಾನು ಹಲ್ಲು ಕಡಿದುಕೊಂಡು ಇಳಿದೆ. ಅಷ್ಟರಲ್ಲಿ ಅವನ ಹೆಂಡತಿ ಮಾಸ್ತಮ್ಮ ಮನೆಯಿಂದ ಬೆಲ್ಲ, ನೀರು ತಂದು ಎಲ್ಲರಿಗೂ ಕೊಟ್ಟಳು. "ಅವ್ರ ಮಾತಿಗೆ ಬೇಜಾರ ಮಾಡ್ಕಣ್ಬೇಡಿ. ಮನೇಲೂ ಹಿಂಗೇಯ," ಅಂದಳು. ಆಮೇಲೆ ಪ್ರತಿವರ್ಷ ಗಳ ಬೀಳುತ್ತಿತ್ತು, ಪ್ರತಿವರ್ಷ ನಾನು ಬೈಯುತ್ತಿದ್ದೆ, ಪ್ರತಿವರ್ಷ ಅವಳ ಬೆಲ್ಲ ತಿನ್ನುತ್ತಿದ್ದೆ.

ಮೂವತ್ತನಾಲ್ಕನೇ ಇಸವಿಯ ಮಳೆಗಾಲದಲ್ಲಿ ಒಂದು ದಿನ ಗುಡ್ಡದ ನೀರು ಮರ ಸಮೇತ ಇಳಿದು ಭಾವಿಕೇರಿ ತಿರುವಿನಲ್ಲಿ ರಸ್ತೆಯಡಿಯ ಮೋರಿಯ ಬಾಯಿ ಕಟ್ಟಿತು. ರಸ್ತೆ ಕೊಚ್ಚಿಹೋಗಲು ಇನ್ನು ತಡವಿರಲಿಲ್ಲ. ಅಂಕೋಲೆ ಕಡೆಯ ದಡದಲ್ಲಿ ನನ್ನ ಗಾಡಿ ನಿಂತಿತ್ತು. ಒಳಗೊಬ್ಬ ಹೆಂಗಸು ಹೆರಿಗೆ ನೋವಿನಲ್ಲಿ ನರಳುತ್ತಿದ್ದಳು, ಕಾರವಾರದ ಆಸ್ಪತ್ರೆಗೆ ಹೋಗಬೇಕಿತ್ತು. ಜಟ್ಟಿ ಎದೆಮಟ್ಟದ ನೀರಿಗಿಳಿದು ಮರದ ಕೊಂಬೆಗಳನ್ನು ಕಡಿಯುತ್ತಲೇ ಇದ್ದ. ಕೂಲಿಗಳು ದಣಿದು ಮೇಲೆ ಬಂದರೂ ಅವನು ಬರಲಿಲ್ಲ. ಕೊನೆಗೆ ಮೋರಿ ಬಾಯಿಬಿಟ್ಟಿತು, ನೀರು ಇಳಿಯಿತು. ಅವನು ಗುದ್ದಲಿಯಿಂದ ನೆಲ ಕುಟ್ಟಿ ನೋಡುತ್ತ ಮುಂದೆ ನಡೆದ, ನಾನು ಅವನ ಹಿಂದೆ ಗಾಡಿ ದಾಟಿಸಿದೆ. ಆ ಹೆಂಗಸಿಗೆ ಗಂಡುಮಗು ಹುಟ್ಟಿತು. ಜಟ್ಟಿಗೆ ಚಳಿಜ್ವರ ಹಿಡಿಯಿತು. ಅಮಾವಾಸ್ಯೆ ಬರುವುದರೊಳಗೆ ಹೋಗಿಬಿಟ್ಟ. ಅವನಂಥವನು ಹೋದನಲ್ಲ ಅಂತ ನಾನು ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಗ ರಸ್ತೆ ನೋಡಿಕೊಳ್ಳುವ ಲೋಕಲ್ ಬೋರ್ಡಿನಲ್ಲಿ ನಾಗಪತಿ ಹೆಗಡೆ ಅಂತ ಒಬ್ಬರು ಮೆಂಬರಿದ್ದರು. ಅಡಿಕೆ ತೋಟದ ಜನ, ಆದರೆ ನಡೆದೇ ಓಡಾಡುವವರು. ಆ ತುಂಡಿಗೆ ಜಟ್ಟಿಯ ಹೆಸರಿಡಬೇಕು ಅಂತ ಪಟ್ಟು ಹಿಡಿದವರು ಅವರೇ. "ಕೂಲಿಯವನ ಹೆಸರು ರಸ್ತೆಗೆ?" ಅಂತ ಕೆಲವರು ಮೂಗು ಮುರಿದರು. ಹೆಗಡೆಯವರು ಬಗ್ಗಲಿಲ್ಲ. ತಿರುವಿನಲ್ಲಿ ಕರಿಕಲ್ಲು ನೆಟ್ಟು, ಅದರ ಮೇಲೆ 'ಜಟ್ಟಿ ರಸ್ತೆ' ಅಂತ ಕೆತ್ತಿಸಿದರು. ಊರ ಸಾಹುಕಾರರಿಗೆ ಸಿಗದ ಮರ್ಯಾದೆ! ನಾನು ಅಲ್ಲಿ ಗಾಡಿ ನಿಲ್ಲಿಸಿದಾಗಲೆಲ್ಲ ಎದೆ ಉಬ್ಬುತ್ತಿತ್ತು. ಹೊಸಬರು ಯಾರಾದರೂ ಹತ್ತಿದರೆ, ಅವರು ಕೇಳಲಿ ಬಿಡಲಿ, ಕಥೆಯೆಲ್ಲ ಹೇಳುತ್ತಿದ್ದೆ.

ಆದರೆ ಹೆಸರಿಡುವಾಗ ಹೆಂಗಸರನ್ನು ಒಂದು ಮಾತು ಕೇಳಬೇಕು ಅಂತ ನಮ್ಮ ಗಂಡಸರ ಮಂಡೆಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಮ್ಮಿಯಾಗುತ್ತದಂತೆ. ಮಾವನ ಹೆಸರೂ ಹೇಳುವಂತಿಲ್ಲ, ಬಾವನದೂ ಇಲ್ಲ. ಭಾವಿಕೇರಿ ಸುತ್ತಲಿನ ಕೇರಿಗಳಲ್ಲಾದರೆ ಮನೆಗೊಬ್ಬ ಜಟ್ಟಿ! ಅಂಕೋಲೆ ಸಂತೆಯಲ್ಲಿ ಕಾಯಿಪಲ್ಲೆ ಮಾರಿ ಗಾಡಿ ಹತ್ತುವ ಹೆಂಗಸರ ಪಾಡು ಕೇಳಬೇಡಿ.

"ಎಲ್ಲಿಗೆ?"

"ಆ ಕಲ್ಲಿಗೆ."

"ಯಾವ ಕಲ್ಲೇ? ದಾರಿ ತುಂಬಾ ಕಲ್ಲೇ ಇದೆ."

"ಬರೆದ ಕಲ್ಲೋ, ಮಾರಾಯ!"

ತಿಮ್ಮಿ ಅಂತ ಒಬ್ಬಳ ಗಂಡನೂ ಜಟ್ಟಿಯೇ. ಅವಳು ಸೆರಗು ಬಾಯಿಗೆ ಹಿಡಿದು, "ನಮ್ಮನೆಯವ್ರ ಕಲ್ಲಿಗೆ," ಅಂದಳು. "ನಿನ್ ಗಂಡ ಇನ್ನೂ ಗಟ್ಟಿಯಾಗೇ ಇದ್ದಾನಲ್ಲೇ, ಕಲ್ಲು ಹಾಕಿ ಆಯ್ತಾ?" ಅಂತ ನಾನಂದೆ. ಗಾಡಿಯೆಲ್ಲ ಬಿದ್ದು ಬಿದ್ದು ನಕ್ಕಿತು.

ನಗುವ ವಿಷಯವಾಗಿ ಉಳಿಯಲಿಲ್ಲ ಅದು. ಹೆಂಗಸರ ಬಾಯಲ್ಲಿ ಬಾರದ್ದು ಮಕ್ಕಳ ಬಾಯಲ್ಲೂ ಬರಲಿಲ್ಲ. ಒಂದು ವರ್ಷದೊಳಗೆ ಗಂಡಸರೂ 'ಮೋರಿ ಸ್ಟಾಪು' ಅನ್ನತೊಡಗಿದರು. ಒಂದು ಸಂತೆಯ ದಿನ ಹೆಗಡೆಯವರು ಅಂಕೋಲೆಯಲ್ಲಿ ನನ್ನ ಗಾಡಿ ಹತ್ತಿದರು. ಮುಖ ಸಣ್ಣದಾಗಿತ್ತು.

"ಸೋಮವಾರ ಮೀಟಿಂಗಿದೆ ರಾಮಾ. ಯಾರೂ ಹೇಳದ ಹೆಸರು ಎಂತಕ್ಕೆ, ಕಲ್ಲು ಕಿತ್ತು ಬೇರೆ ಹೆಸರಿಡುವ ಅಂತಾರೆ. ನಾ ಎಂತ ಹೇಳೂದು? ಒಬ್ಬ ಹೆಂಗಸೂ ಆ ಹೆಸರು ಹೇಳಿದ್ದು ನಾನೇ ಕೇಳಿಲ್ಲ."

"ಕಲ್ಲಿಗೆ ಕೈ ಹಚ್ಚಿದವರ ಮೇಲೆ ಗಾಡಿ ಹಾಯಿಸ್ತೆ!"

"ಹಾಯಿಸು. ಆಮೇಲೆ ಜೈಲಿಗೆ ನಿನ್ನ ಹೆಸರು ಇಡ್ತಾರೆ."

ಖಾಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಮಾಸ್ತಮ್ಮ ಹಿಂದಿನ ಸೀಟಿನಲ್ಲೇ ಕೂತಿದ್ದಳು. ನಾವಿಬ್ಬರೂ ಅವಳನ್ನು ನೋಡಿದ್ದು ಆಗಲೇ.

"ಕಿತ್ತು ಹಾಕ್ತ್ರಾ?" ಅಂತ ಕೇಳಿದಳು.

ಹೆಗಡೆಯವರು ನೆಲ ನೋಡಿದರು. ನಾನು ಟಿಕೀಟು ಕೊಡಲು ಹೊರಟೆ. ಅವಳ ಹತ್ತಿರ ಬಂದಾಗ ಏನೂ ಕೇಳದೆ ಟಿಕೀಟು ಹರಿದೆ. ಎಲ್ಲಿಗೆ ಅಂತ ಗೊತ್ತಿಲ್ಲದೆ ಏನು?

"ಕೇಳು," ಅಂದಳು.

"ಎಂತದು?"

"ಎಲ್ಲರ್ನೂ ಕೇಳ್ತ್ಯಲ್ಲ. ನನ್ನೂ ಕೇಳು."

"ಎಲ್ಲಿಗೆ, ಮಾಸ್ತಮ್ಮ?"

ಅವಳು ಬುಟ್ಟಿ ಕೆಳಗಿಟ್ಟು ಎದ್ದು ನಿಂತಳು. "ಜಟ್ಟಿ ರಸ್ತೆಗೆ."

ತಿಮ್ಮಿ, "ಅಯ್ಯಯ್ಯೋ, ಎಂತ ಮಾತಾಡ್ದೆ!" ಅಂತ ಅವಳ ಕೈ ಹಿಡಿದೆಳೆದಳು.

"ಹೆಸ್ರು ಹೇಳಿದ್ರೆ ಆಯುಷ್ಯ ಕಮ್ಮಿ ಆಗ್ತದೆ ಅಂದ್ರು. ಅವ್ರು ಇರೂ ತನಕ ಒಂದಿನ ಹೇಳ್ಲಿಲ್ಲ ನಾನು. ಈಗ ಅವ್ರ ಆಯುಷ್ಯ ಅಂತ ಉಳ್ದದ್ದು ಆ ಕಲ್ಲು ಒಂದೇಯ. ಈಗ ಹೇಳದಿದ್ರೆ ಅದೂ ಕಮ್ಮಿ ಆಗ್ತದೆ." ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. "ಜಟ್ಟಿ ರಸ್ತೆಗೆ ಕೊಡು."

ಹೆಗಡೆಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಸೋಮವಾರ ನಾ ಇದನ್ನೇ ಹೇಳ್ತೆ ತಾಯಿ. ಕಲ್ಲು ಹ್ಯಾಂಗೆ ಕೀಳ್ತಾರೆ ನೋಡುವ," ಅಂದರು. ಯಾರೂ ಕೀಳಲಿಲ್ಲ, ಕಲ್ಲು ಅಲ್ಲೇ ಇದೆ.

ಮುಂದಿನ ಸರದಿ ತಿಮ್ಮಿಯದು. ಎಲ್ಲಿಗೆ ಅಂದೆ. ಪಾಪ, ಅವಳ ತುಟಿ ಅಲುಗಿತು, ಸ್ವರ ಬರಲಿಲ್ಲ. ಮಾಸ್ತಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನೀ ಹೇಳ್ಬೇಡ್ವೇ. ನಿನ್ ಗಂಡ ಬದ್ಕಿದ್ದಾನೆ, ಚೆಂದಾಗಿರ್ಲಿ. ನಿಂದೂ ನಾನೇ ಹೇಳ್ತೆ."

ಆ ದಿನ ಅಲ್ಲಿ ಇಳಿಯುವ ಹೆಂಗಸರೆಲ್ಲರ ಪರವಾಗಿ ಅವಳೇ ಆ ಹೆಸರು ಹೇಳಿದಳು. ಗೊತ್ತಿದ್ದೂ ನಾನು ಒಬ್ಬೊಬ್ಬರ ಮುಂದೆಯೂ ನಿಂತು ಎಲ್ಲಿಗೆ ಅಂತ ಕೇಳಿದೆ.