ಮೂರನೇ ಮಹಡಿಯ ಒಂಬತ್ತು ಕೋಣೆ

ಲೀಮನ್ ಪರ್ನೆಲ್‌ಗೆ ಒಂದು ಚಾಳಿ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆ ಪಕ್ಕದ, ಚಳಿಗೆ ಮನೆ ಬೆಚ್ಚಗಿಡೋ ಬಿಸಿಕೊಳವೆ ಮುಟ್ಟಿ ನೋಡಬೇಕು. ಆಮೇಲೇ ನಮಸ್ಕಾರ, ಕುಶಲ ಎಲ್ಲ.

"ಅಲ್ರೀ, ಮನುಷ್ಯರ ಕೈ ಕುಲುಕೋಕೆ ಮುಂಚೆ ಕಬ್ಬಿಣದ ಕೈ ಕುಲುಕ್ತೀರಲ್ಲ!" ಅಂತ ಹೆಂಡತಿ ವರ್ನೀತಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಏನು ಮಾಡೋದು, ಇಪ್ಪತ್ತೊಂಬತ್ತು ವರ್ಷ ಅವನು ಮಾಡಿದ್ದೇ ಅದು. ಉತ್ತರ ಫಿಲಡೆಲ್ಫಿಯಾದಲ್ಲಿ ಬರ್ಡೆಟ್ ಶಾಲೆ ಅಂತ ಮೂರು ಮಹಡಿಯ ಇಟ್ಟಿಗೆ ಕಟ್ಟಡ. ಅದರ ನೆಲಮಾಳಿಗೆಯಲ್ಲಿ ಅವನಿಗಿಂತ ವಯಸ್ಸಾದ ಒಂದು ಬಾಯ್ಲರ್. ಅದನ್ನು 'ಮುದುಕಿ' ಅಂತ ಕರೀತಿದ್ದ. ಬೆಳಗ್ಗೆ ಐದಕ್ಕೆ ಬಂದು ಮುದುಕಿಯನ್ನು ಎಬ್ಬಿಸಿದರೆ, ಎಂಟಕ್ಕೆ ಮಕ್ಕಳು ಬರುವಷ್ಟರಲ್ಲಿ ಕೋಣೆಗಳು ಬೆಚ್ಚಗಾಗುತ್ತಿದ್ದವು. ಮೊಮ್ಮಗಳು ಶನೀಸ್ ಅಲ್ಲೇ ಎರಡನೇ ಕ್ಲಾಸು.

ಆದರೆ ಬಿಸಿನೀರನ್ನು ಕೊಳವೆಗಳಿಗೆ ತಳ್ಳೋ ಮುದುಕಿಯ ಪಂಪು ಸೋತು ಹನ್ನೊಂದು ವರ್ಷವಾಗಿತ್ತು. ಬಿಸಿ ಎರಡನೇ ಮಹಡಿವರೆಗೆ ಏದುಸಿರು ಬಿಡುತ್ತಾ ಹತ್ತುತ್ತಿತ್ತು, ಮೂರನೆಯದಕ್ಕೆ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲೂ ಹೊಸ ಪಂಪಿಗೆ ಅರ್ಜಿ ಹಾಕುತ್ತಿದ್ದ. ನಡುವೆ ಶಾಲೆ ಉದ್ಧಾರ ಮಾಡ್ತೀವಿ ಅಂತ ಒಂದು ಖಾಸಗಿ ಕಂಪನಿ ಬಂತು. ಪಡಸಾಲೆಗೆ ನೀಲಿ ಬಣ್ಣ ಬಳಿಯಿತು, ಬಾಗಿಲಿಗೆ 'ಶ್ರೇಷ್ಠತೆಯತ್ತ' ಅಂತ ಬಟ್ಟೆ ಕಟ್ಟಿತು, ಆರು ವರ್ಷ ಇದ್ದು ಗಂಟುಮೂಟೆ ಕಟ್ಟಿತು. ಬಣ್ಣ ಬಂತು, ಪಂಪು ಬರಲಿಲ್ಲ. ಉದ್ಧಾರ ಮಾಡೋರಿಗೆ ನೆಲಮಾಳಿಗೆಗೆ ಇಳಿಯೋ ಪುರುಸೊತ್ತು ಎಲ್ಲಿರುತ್ತೆ!

ಅದಕ್ಕೇ ಲೀಮನ್ ತನ್ನದೇ ಒಂದು ಉಪಾಯ ಹೂಡಿದ್ದ. ನವೆಂಬರ್ ಬಂತೆಂದರೆ ಮೇಲಿನ ಮಕ್ಕಳನ್ನೆಲ್ಲ ಕೆಳಗಿಳಿಸಿ, ಒಂದೊಂದು ಕೋಣೆಗೆ ಎರಡೆರಡು ಕ್ಲಾಸು ತುಂಬೋದು. ಮೇಲಿನ ಒಂಬತ್ತು ಕೋಣೆ ಗುಡಿಸಿ, ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿ, ನೆಲಕ್ಕೆ ಮೇಣ ಹಚ್ಚಿ ಬೀಗ ಹಾಕೋದು. ಏಪ್ರಿಲಿನಲ್ಲಿ ಬೀಗ ತೆಗೆದರೆ ಮಕ್ಕಳು ಹೋ ಅಂತ ಮೆಟ್ಟಿಲು ಹತ್ತೋ ಗದ್ದಲಕ್ಕೆ ಬೀದಿಯ ನಾಯಿಗಳೂ ಎದ್ದು ಕೂರುತ್ತಿದ್ದವು.

ಒಂದು ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದಿಂದ ಕೇಟ್ಲಿನ್ ಅನ್ನೋ ಹುಡುಗಿ ಬಂದಳು. ಕಂಪನಿಗಳು ಕೈಹಾಕಿದ ಸರ್ಕಾರಿ ಶಾಲೆಗಳು ನಿಜಕ್ಕೂ ಸುಧಾರಿಸಿದವಾ ಅಂತ ಅವಳ ಸಂಶೋಧನೆ. ಒಳ್ಳೇ ಹುಡುಗಿ. ಅವಳಿಗೆ ಕಟ್ಟಡ ತೋರಿಸೋ ಕೆಲಸ ಲೀಮನ್‌ಗೆ ಬಿತ್ತು. ಅವನೋ, ಮದುವೆಮನೆಗೆ ಹೊರಟವನಂತೆ ಷರ್ಟು ಇಸ್ತ್ರಿ ಮಾಡಿಕೊಂಡು, ಬೀಗದ ಗೊಂಚಲು ಝಣಝಣ ಅನ್ನಿಸುತ್ತಾ ಮೂರನೇ ಮಹಡಿಗೇ ಕರೆದುಕೊಂಡು ಹೋದ.

"ಅಬ್ಬಾ, ನೆಲದಲ್ಲಿ ಮುಖ ಕಾಣುತ್ತಲ್ಲ ಸರ್! ಇಲ್ಲಿ ಯಾರೂ ಕೂರಲ್ವಾ?" ಅಂದಳು.

"ಚಳಿಗಾಲದಲ್ಲಿ ಇಲ್ಲ ತಾಯಿ. ಈ ಒಂಬತ್ತು ಕೋಣೆ ಇಲ್ಲದೇನೇ ಸಂಭಾಳಿಸ್ತೀವಿ."

"ಯಾಕೆ ಸರ್?"

ನೋಡಿ, ಅಲ್ಲೇ ಎಡವಿದ್ದು. ಬಾಯ್ಲರ್ ನೋಡಿಕೊಳ್ಳೋ ಜನರಲ್ಲಿ ಒಂದು ಕಟ್ಟಳೆ ಇದೆ: ನಿನ್ನ ಬಾಯ್ಲರ್ ಸೋತಿದೆ ಅಂತ ಹೊರಗಿನವರ ಮುಂದೆ ಬಾಯಿ ಬಿಡಬಾರದು. ಬಿಟ್ಟರೆ ನೀನೇ ಸೋತೆ ಅಂತ ಅರ್ಥ. ಅವನಿಗೆ ಕೆಲಸ ಕಲಿಸಿದ ಹಿರಿಯನೂ ಅದನ್ನೇ ಹೇಳಿಕೊಟ್ಟಿದ್ದ. ಲೀಮನ್ ಎದೆ ಸೆಟೆಸಿ, "ಅಗತ್ಯ ಬೀಳಲ್ಲ ತಾಯಿ, ಅಷ್ಟೇ," ಅಂದುಬಿಟ್ಟ. ಅವಳು ಬರೆದುಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮುಂದಿನ ಚಳಿಗಾಲದಲ್ಲಿ, ಖರ್ಚು ಉಳಿಸೋಕೆ ಮುಚ್ಚಬೇಕಾದ ಶಾಲೆಗಳ ಪಟ್ಟಿ ಬಂತು. ನಗರದ ಶಾಲಾ ಆಡಳಿತದವರು ಸಲಹೆಗೆ ಇನ್ನೊಂದು ಖಾಸಗಿ ಸಂಸ್ಥೆ ಹಿಡಿದಿದ್ದರು, ಪಟ್ಟಿ ಅವರದು. ಬರ್ಡೆಟ್ ಏಳನೇ ಹೆಸರು. ಮುಚ್ಚಿದರೆ ಶನೀಸ್ ವಯಸ್ಸಿನವರೆಲ್ಲ ಲಾರಿಗಳು ಬುಸುಗುಟ್ಟುವ ಹನ್ನೆರಡು ಸಾಲಿನ ಹೆದ್ದಾರಿ ದಾಟಿ ಬೇರೆ ಶಾಲೆಗೆ ಹೋಗಬೇಕು. ಹಿಂದಿನ ವರ್ಷವೇ ಅಲ್ಲಿ ಲಾರಿಗೆ ಸಿಕ್ಕಿ ಒಂದು ಮಗು ತೀರಿಹೋಗಿತ್ತು.

ಅಹವಾಲು ಸಭೆಗೆ ಇಡೀ ಬೀದಿಯೇ ಹೋಯಿತು. ವೇದಿಕೆ ಮೇಲಿದ್ದ ಟೈ ಕಟ್ಟಿದವನು ಓದಿದ: "ವಿಶ್ವವಿದ್ಯಾಲಯದ ಅಧ್ಯಯನದ ಪ್ರಕಾರ ಈ ಕಟ್ಟಡದ ಮೂರನೇ ಒಂದು ಭಾಗ ತಿಂಗಳುಗಟ್ಟಲೆ ಖಾಲಿ. ಅದರ ಅಗತ್ಯವೇ ಬೀಳಲ್ಲ ಅಂತ ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರೇ ಹೇಳಿದ್ದಾರೆ."

ಲೀಮನ್ ಎದ್ದು ಮೈಕಿನ ಹತ್ತಿರ ಹೋದ. ಒಬ್ಬೊಬ್ಬರಿಗೆ ಎರಡು ನಿಮಿಷ.

"ಆ ಸಿಬ್ಬಂದಿ ನಾನೇ ಸ್ವಾಮಿ. ಕೋಣೆ ಖಾಲಿ ಅಲ್ಲ, ತಣ್ಣಗಿವೆ. ಮಕ್ಕಳಿದ್ದಾರೆ, ಬಿಸಿ ಇಲ್ಲ. ಪಂಪು ಕೊಡಿ ಅಂತ ಹನ್ನೊಂದು ಸಲ ಬರೆದಿದ್ದೀನಿ..."

"ಹಾಗಾದ್ರೆ ಅಧ್ಯಯನದವರಿಗೆ ಯಾಕೆ ಹೇಳಲಿಲ್ಲ?" ಅಂದ ಟೈ ಕಟ್ಟಿದವನು.

ಏನಂತ ಹೇಳ್ತಾನೆ? ಮರ್ಯಾದೆ ಅಡ್ಡ ಬಂತು ಅಂತಾನಾ? ಅಷ್ಟರಲ್ಲಿ ಮೈಕಿನ ಪಕ್ಕದ ಕೆಂಪು ದೀಪ ಹತ್ತಿತು. "ನಿಮ್ಮ ಸಮಯ ಮುಗೀತು ಸರ್, ಧನ್ಯವಾದ."

ಹೊರಗೆ ಕೇಟ್ಲಿನ್ ಅಳುತ್ತಾ ನಿಂತಿದ್ದಳು. "ಸರ್, ಇನ್ನೂರು ಪುಟ ಬರೆದೆ. ಕಂಪನಿ ಬಂದಿದ್ದರಿಂದ ಶಾಲೆಗೆ ಏನೂ ಒಳ್ಳೇದಾಗಲಿಲ್ಲ ಅಂತಾನೇ ಬರೆದೆ. ಅವರು ಆ ಒಂದು ಸಾಲು ಹೆಕ್ಕಿಕೊಂಡರು."

"ತಿದ್ದೋಕಾಗಲ್ವಾ ಮಗಳೇ?"

"ತಿದ್ದುಪಡಿ ಕಳಿಸಿದೆ ಸರ್. ಮುಂದಿನ ಮುದ್ರಣಕ್ಕೆ ನೋಡೋಣ ಅಂದ್ರು."

ಲೀಮನ್ ಅವಳ ಮೇಲೆ ರೇಗಲಿಲ್ಲ. ರೇಗೋಕೆ ಅವನ ಹತ್ತಿರ ಏನೂ ಉಳಿದಿರಲಿಲ್ಲ. ಮನೆಗೆ ಬಂದರೆ ವರ್ನೀತಾ, "ಮುದುಕಿ ಮಾನ ಉಳಿಸೋಕೆ ಹೋಗಿ ಮಕ್ಕಳ ಸ್ಕೂಲು ಕಳೆದ್ರಲ್ರೀ," ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡು, ಗೆಣಸಿನ ಸಿಹಿ ಕಡುಬಿನ ತುಂಡು ತಂದು ಮುಂದಿಟ್ಟಳು. ಅವನು ಮುಟ್ಟಲಿಲ್ಲ.

ಜೂನಿನಲ್ಲಿ ಬರ್ಡೆಟ್ ಮುಚ್ಚಿತು. ಮೇಲಿನ ಒಂಬತ್ತು ಕೋಣೆಯ ಕುರ್ಚಿಗಳು ಮತ್ತೆ ಬೋರಲಾದವು, ಬೀಗ ಬಿತ್ತು. ಕಟ್ಟಡ ಮಾರಾಟವಾಗುವವರೆಗೆ ಕಾಯೋಕೆ ಲೀಮನ್ ಒಬ್ಬನನ್ನೇ ಉಳಿಸಿಕೊಂಡರು. ಸೆಪ್ಟೆಂಬರಿನಿಂದ ದಿನಾ ಬೆಳಗ್ಗೆ ಶನೀಸ್ ಕೈ ಹಿಡಿದು ಹೆದ್ದಾರಿ ದಾಟಿಸಿ ಬಂದು, ಆಮೇಲೆ ಖಾಲಿ ಶಾಲೆಯ ಬೀಗ ತೆಗೆಯುತ್ತಿದ್ದ. ಅವಳನ್ನು ಅವನು ದಾಟಿಸುತ್ತಿದ್ದ. ಉಳಿದ ಮಕ್ಕಳನ್ನು ಯಾರು ದಾಟಿಸ್ತಾರೆ?

ನವೆಂಬರ್ ಮೊದಲ ವಾರ ಒಂದು ಲಾರಿ ಬಂದು ಹಿಂಬಾಗಿಲಿಗೆ ನಿಂತಿತು. ಚಾಲಕ ಮರದ ಪೆಟ್ಟಿಗೆ ಇಳಿಸಿದ.

"ಏನಪ್ಪಾ ಇದು?"

"ಪಂಪು ಕಣಣ್ಣಾ. ಈ ಕಟ್ಟಡ ಕೊಂಡು ಮನೆಗಳು ಮಾಡೋರು ನೋಡೋಕೆ ಬರ್ತಾರಂತೆ. ಮೂರೂ ಮಹಡಿ ಬೆಚ್ಚಗಿರಬೇಕು, ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೀಬಾರದು ಅಂತ ಆರ್ಡರು."

ಲೀಮನ್ ಸಹಿ ಹಾಕಿದ. ಎರಡು ದಿನ ಕೂತು ಜೋಡಿಸಿದ. ಮುದುಕಿ ಒಮ್ಮೆ ಕೆಮ್ಮಿ, ಆಮೇಲೆ ಹರೆಯದವಳಂತೆ ಓಡಿತು. ಅವನು ಮೂರನೇ ಮಹಡಿ ಹತ್ತಿ, ಒಂದೊಂದಾಗಿ ಒಂಬತ್ತು ಬೀಗ ತೆಗೆದ. ಬೋರಲಿದ್ದ ಕುರ್ಚಿಗಳನ್ನೆಲ್ಲ ಕೆಳಗಿಳಿಸಿ ನೆಟ್ಟಗೆ ಇಟ್ಟ. ಕೊನೆಯ ಕೋಣೆಯಲ್ಲಿ ಬಿಸಿಕೊಳವೆ ಮೇಲೆ ಅಂಗೈ ಇಟ್ಟ. ಸುಡುವಷ್ಟು ಬಿಸಿ. ಆದರೂ ಅವನು ಕೈ ತೆಗೆಯಲಿಲ್ಲ.